ದೇಹದೊಳಗಿನ ಡಂಗುರ: ವೈರಾಣುವಿನೊಡನೆ ಕಾದುವ ಕೋಶಗಳಿಗೆ ಕರೆ ಕಳುಹುವವರು ಯಾರು?

ಬೆಳಗಾವಿ ನಗರದ ಟಿಳಕವಾಡಿಯ ಕಡೆಗೆ ಹೋದವರಿಗೆ ‘ವ್ಯಾಕ್ಸಿನ್ ಡೆಪೊ’ ಎಂಬ ಹೆಸರು ಅಪರಿಚಿತವಲ್ಲ. ಹಳೆಯ ಮರಗಳ ನೆರಳಿರುವ ಆ ವಿಶಾಲ ಆವರಣವನ್ನು ಬಲ್ಲವರು ಅನೇಕರಿದ್ದಾರೆ. ಆದರೆ ಆ ಹೆಸರು ಅದಕ್ಕೆ ಏಕೆ ಬಂದಿತೆಂಬುದನ್ನು ನೆನೆಯುವವರು ವಿರಳ. ಬೆಳಗಾವಿಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬ್ರಿಟಿಷರ ಕಾಲದಲ್ಲಿ, ಸಿಡುಬಿನ ಲಸಿಕೆಯನ್ನು ತಯಾರಿಸುವ ಸಂಸ್ಥೆ ಇಲ್ಲಿ ನೆಲೆಗೊಂಡಿತು. ಕರುಗಳ ಚರ್ಮದ ಮೇಲೆ ಲಸಿಕೆಯ ವೈರಾಣುವನ್ನು ಬೆಳೆಸಿ, ಅದರ ರಸವನ್ನು ಸಂಗ್ರಹಿಸಿ, ಊರೂರಿಗೆ ಕಳುಹುವುದು ಅಂಥ ಸಂಸ್ಥೆಗಳ ಕೆಲಸವಾಗಿತ್ತು. ಸ್ವಾತಂತ್ರ್ಯಾನಂತರ ಸಿಡುಬಿನ ನಿರ್ಮೂಲನೆಗೆ ದೇಶವು ಪಣ ತೊಟ್ಟಾಗ, ಬಿಸಿಲಿಗೆ ಕೆಡದ ಒಣ ಲಸಿಕೆಯನ್ನು ತಯಾರಿಸಿದ ನಾಲ್ಕು ಭಾರತೀಯ ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದು. ಮದರಾಸಿನ ಗಿಂಡಿ, ಹೈದರಾಬಾದು ಮತ್ತು ಹಿಮಾಲಯದ ತಪ್ಪಲಿನ ಪಟವಾಡಂಗರ್ ಉಳಿದ ಮೂರು. ೧೯೭೫ರ ಮೇ ತಿಂಗಳ ನಂತರ ಭಾರತದಲ್ಲಿ ಸಿಡುಬು ಕಾಣಿಸಲಿಲ್ಲ. ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತೇ ಆ ರೋಗದಿಂದ ಮುಕ್ತವಾಯಿತೆಂದು ಸಾರಿತು.

ನಮ್ಮ ಮನೆಗಳ ಹಿರಿಯರ ತೋಳಿನ ಮೇಲೆ ಇಂದಿಗೂ ಕಾಣುವ ಆ ಗುಂಡನೆಯ ಕಲೆ ‘ದೇವಿ ಹಾಕಿಸಿಕೊಂಡ’ ಗುರುತು. ಒಂದು ಹನಿ ರಸ ಚರ್ಮದ ಕೆಳಗೆ ಸೇರಿದ ಮಾತ್ರಕ್ಕೆ ದೇಹವು ದಶಕಗಳ ಕಾಲ ಆ ರೋಗವನ್ನು ನೆನಪಿಟ್ಟುಕೊಂಡದ್ದು ಹೇಗೆ? ೨೦೦೩ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವು, ಸಿಡುಬಿನ ಲಸಿಕೆ ಹಾಕಿಸಿಕೊಂಡವರ ರಕ್ತದಲ್ಲಿ ಪ್ರತಿಕಾಯಗಳು ೭೫ ವರ್ಷಗಳಾದರೂ ಉಳಿದಿರುವುದನ್ನೂ, ಅದರೊಂದಿಗೆ ಬೇರೊಂದು ಬಗೆಯ ರಕ್ಷಕ ಕೋಶಗಳು ೮ರಿಂದ ೧೫ ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತ ನಿಧಾನವಾಗಿ ಕಡಿಮೆಯಾಗುವುದನ್ನೂ ತೋರಿಸಿತು. ಆ ಎರಡನೆಯ ಬಗೆಯ ಕೋಶಗಳ ಕಥೆಯನ್ನು, ಅವನ್ನು ಎಚ್ಚರಿಸಿ ಕೆಲಸಕ್ಕೆ ಹಚ್ಚುವ ಸಂಕೇತ ಅಣುಗಳ ಕಥೆಯನ್ನು ಈ ಲೇಖನದಲ್ಲಿ ನಾವು ಓದುಗರ ಮುಂದಿಡಬಯಸುತ್ತೇವೆ. ಕೋವಿಡ್ ಮಹಾಮಾರಿಯನ್ನು ಕಂಡ ಮನೆಗಳಿಗೆ, ಕಾಡಿನ ಅಂಚಿನಲ್ಲಿ ಮಂಗನಕಾಯಿಲೆಯ ಭೀತಿಯನ್ನು ಹೊತ್ತು ದುಡಿಯುವ ಕುಟುಂಬಗಳಿಗೆ ಇದು ಕೇವಲ ಪಾಠದ ವಿಷಯವಲ್ಲ.

ಎರಡು ಬಗೆಯ ಕಾವಲು

ವೈರಾಣುವು ತನ್ನಷ್ಟಕ್ಕೆ ತಾನು ಬದುಕಿ ಬೆಳೆಯಲಾರದು. ನಮ್ಮ ಜೀವಕೋಶದ ಒಳಹೊಕ್ಕು, ಅಲ್ಲಿನ ಸಾಮಗ್ರಿಯನ್ನೇ ಬಳಸಿಕೊಂಡು, ತನ್ನಂಥವೇ ಸಾವಿರಾರು ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಆದ್ದರಿಂದ ದೇಹಕ್ಕೆ ಎರಡು ಬಗೆಯ ಕಾವಲು ಬೇಕಾಗುತ್ತದೆ. ರಕ್ತದಲ್ಲಿ, ಮೂಗು ಗಂಟಲುಗಳ ದ್ರವದಲ್ಲಿ ತೇಲಾಡುವ ವೈರಾಣುವನ್ನು ಹಿಡಿದು ನಿಲ್ಲಿಸುವುದು ಪ್ರತಿಕಾಯಗಳ ಕೆಲಸ. ಇವನ್ನು ಬಿ ಕೋಶಗಳ ಸಂತತಿ ತಯಾರಿಸುತ್ತದೆ. ಆದರೆ ವೈರಾಣು ಒಮ್ಮೆ ಕೋಶದ ಒಳಗೆ ಸೇರಿ ಬಾಗಿಲು ಹಾಕಿಕೊಂಡಿತೆಂದರೆ ಪ್ರತಿಕಾಯವು ಅದನ್ನು ಮುಟ್ಟಲಾರದು. ಆಗ ಬೇಕಾಗುವವನು ಮನೆಯೊಳಗಿನ ಕಳ್ಳನನ್ನು ಗುರುತಿಸಿ, ಆ ಮನೆಯನ್ನೇ ಕೆಡವಬಲ್ಲ ಕಾವಲುಗಾರ. ಅದೇ ಹಂತಕ ಟಿ ಕೋಶ.

ಎದೆಯ ಮೂಳೆಯ ಹಿಂದೆ ಇರುವ ಥೈಮಸ್ ಎಂಬ ಗ್ರಂಥಿಯಲ್ಲಿ ಪಕ್ವವಾಗುವುದರಿಂದ ಇವುಗಳಿಗೆ ‘ಟಿ’ ಎಂಬ ಹೆಸರು ಬಂದಿದೆ. ಹಂತಕ ಟಿ ಕೋಶವು ಸೋಂಕಿತ ಕೋಶಕ್ಕೆ ಅಂಟಿಕೊಂಡು, ಪರ್ಫೋರಿನ್ ಎಂಬ ಪ್ರೋಟೀನಿನಿಂದ ಅದರ ಪೊರೆಯಲ್ಲಿ ರಂಧ್ರ ಮಾಡಿ, ಗ್ರಾಂಝೈಮ್ ಎಂಬ ಕಿಣ್ವಗಳನ್ನು ಒಳಗೆ ಬಿಡುತ್ತದೆ. ಆ ಕೋಶವು ಶಿಸ್ತಿನಿಂದ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಒಳಗಿನ ವೈರಾಣುವಿನ ಕಾರಖಾನೆಯೂ ಅದರೊಂದಿಗೆ ನಿಲ್ಲುತ್ತದೆ.

ಒಳಗೆ ವೈರಾಣು ಇದೆಯೆಂಬುದು ಹೊರಗಿರುವ ಟಿ ಕೋಶಕ್ಕೆ ತಿಳಿಯುವ ಬಗೆ ಏನು? ಇದಕ್ಕೆ ಉತ್ತರ ದೊರೆತದ್ದು ೧೯೭೪ರಲ್ಲಿ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಝಿಂಕರ್‌ನಾಗೆಲ್ ಎಂಬ ವಿಜ್ಞಾನಿಗಳು ಒಂದು ವಿಚಿತ್ರವನ್ನು ಕಂಡರು. ಹಂತಕ ಕೋಶವು ವೈರಾಣುವಿನ ಗುರುತನ್ನಷ್ಟೇ ನೋಡುವುದಿಲ್ಲ, ಆ ಗುರುತನ್ನು ಎತ್ತಿ ಹಿಡಿದ ಕೋಶವು ತನ್ನದೇ ದೇಹಕ್ಕೆ ಸೇರಿದ್ದೇ ಎಂಬುದನ್ನೂ ನೋಡುತ್ತದೆ. ನಮ್ಮ ದೇಹದ ಬಹುತೇಕ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಹೊರಮೈಯ ಒಂದು ತಟ್ಟೆಯಲ್ಲಿಟ್ಟು ತೋರಿಸುತ್ತಿರುತ್ತದೆ. ಆ ತಟ್ಟೆಯಲ್ಲಿ ಪರಕೀಯ ಚೂರು ಕಂಡಿತೆಂದರೆ ಹಂತಕ ಕೋಶಕ್ಕೆ ಸುಳಿವು ಸಿಕ್ಕಂತೆ. ಈ ಶೋಧಕ್ಕಾಗಿ ಅವರಿಬ್ಬರಿಗೂ ೧೯೯೬ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

೧೯೫೭: ಒಂದೇ ವರ್ಷ, ಎರಡು ಘಟನೆ

ಸುಳಿವು ಸಿಕ್ಕರೆ ಸಾಲದು, ಊರಿಗೆ ಸುದ್ದಿ ಮುಟ್ಟಬೇಕು. ಹಿಂದೆ ನಮ್ಮ ಹಳ್ಳಿಗಳಲ್ಲಿ ವಾಲೀಕಾರನು ಓಣಿ ಓಣಿ ತಿರುಗಿ ಡಂಗುರ ಸಾರುತ್ತಿದ್ದಂತೆ, ದೇಹದಲ್ಲಿ ಒಂದು ಕೋಶದಿಂದ ಇನ್ನೊಂದು ಕೋಶಕ್ಕೆ ಸುದ್ದಿ ಒಯ್ಯುವ ಸಣ್ಣ ಪ್ರೋಟೀನುಗಳಿವೆ. ಇವನ್ನು ಒಟ್ಟಾಗಿ ಸೈಟೊಕೈನ್‌ಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಬಹು ಪ್ರಸಿದ್ಧವಾದ ಇಂಟರ್‌ಫೆರಾನನ್ನು ೧೯೫೭ರಲ್ಲಿ ಲಂಡನ್ನಿನ ಮಿಲ್ ಹಿಲ್‌ನ ಸಂಶೋಧನಾಲಯದಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಎಂಬುವರು ಗುರುತಿಸಿದರು. ನಿಷ್ಕ್ರಿಯಗೊಳಿಸಿದ ಫ್ಲೂ ವೈರಾಣುವನ್ನು ಕೋಳಿಮೊಟ್ಟೆಯ ಪೊರೆಯ ತುಣುಕುಗಳಿಗೆ ಸೋಕಿಸಿದಾಗ, ಆ ತುಣುಕುಗಳು ಯಾವುದೋ ವಸ್ತುವನ್ನು ಹೊರಬಿಟ್ಟವು. ಆ ವಸ್ತುವನ್ನು ಹೊಸ ತುಣುಕುಗಳಿಗೆ ಸೇರಿಸಿದರೆ ಅವುಗಳಲ್ಲಿ ವೈರಾಣು ಬೆಳೆಯದಾಯಿತು. ವೈರಾಣುವಿನ ಬೆಳವಣಿಗೆಗೆ ಅಡ್ಡಿ ಮಾಡುವುದರಿಂದ ಅದಕ್ಕೆ ಇಂಟರ್‌ಫೆರಾನ್ ಎಂಬ ಹೆಸರಿಟ್ಟರು.

ಅದೇ ೧೯೫೭ರಲ್ಲಿ ನಮ್ಮ ನಾಡಿನಲ್ಲಿಯೂ ಒಂದು ಘಟನೆ ನಡೆಯಿತು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಕಾಡಿಗೆ ಹೋಗಿ ಬಂದವರಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಸತ್ತ ಮಂಗಗಳಿಂದ ಹೊಸದೊಂದು ವೈರಾಣುವನ್ನು ಬೇರ್ಪಡಿಸಿದರು. ಆ ಕಾಡಿನ ಹೆಸರೇ ರೋಗಕ್ಕೂ ಬಂದು, ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿತು. ಜನರ ಬಾಯಲ್ಲಿ ಅದು ಮಂಗನಕಾಯಿಲೆ. ಶತ್ರು ಮತ್ತು ಶತ್ರುವಿನ ವಿರುದ್ಧ ದೇಹ ಸಾರುವ ಡಂಗುರ, ಇವೆರಡೂ ಒಂದೇ ವರ್ಷದಲ್ಲಿ ಮನುಷ್ಯನ ಅರಿವಿಗೆ ಬಂದುದು ಒಂದು ಕಾಕತಾಳೀಯ.

ಮೂರು ಮಾತು ಕೇಳಿದ ಮೇಲೆಯೇ ಯುದ್ಧ

ಒಂದು ನಿರ್ದಿಷ್ಟ ವೈರಾಣುವನ್ನು ಗುರುತಿಸಬಲ್ಲ ಹಂತಕ ಟಿ ಕೋಶಗಳು ನಮ್ಮಲ್ಲಿ ಮೊದಲಿಗೆ ಬಹಳ ಸ್ವಲ್ಪ, ಲಕ್ಷಕ್ಕೆ ಒಂದೋ ಅದಕ್ಕಿಂತ ಕಡಿಮೆಯೋ ಇರುತ್ತವೆ. ಅವು ಸುಲಭವಾಗಿ ರೊಚ್ಚಿಗೇಳುವುದಿಲ್ಲ. ಹಾಗೆ ರೊಚ್ಚಿಗೆದ್ದರೆ ಸ್ವಂತ ದೇಹವನ್ನೇ ತಿಂದುಹಾಕಿಯಾವು. ಆದ್ದರಿಂದ ಪ್ರಕೃತಿಯು ಅವುಗಳಿಗೆ ಮೂರು ಕಟ್ಟುಪಾಡುಗಳನ್ನು ವಿಧಿಸಿದೆ. ಸೋಂಕಿನ ಸ್ಥಳದಲ್ಲಿ ಡೆಂಡ್ರಿಟಿಕ್ ಎಂಬ ಕವಲು ಕವಲಾದ ಕೋಶಗಳು ವೈರಾಣುವಿನ ಚೂರುಗಳನ್ನು ಆಯ್ದುಕೊಂಡು, ಸಮೀಪದ ದುಗ್ಧಗ್ರಂಥಿಗೆ ಹೋಗಿ ಟಿ ಕೋಶಗಳೆದುರು ತೋರಿಸುತ್ತವೆ. ಇವನ್ನು ೧೯೭೩ರಲ್ಲಿ ಗುರುತಿಸಿದ ರಾಲ್ಫ್ ಸ್ಟೈನ್‌ಮನ್ನರಿಗೆ ೨೦೧೧ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಚೂರನ್ನು ತೋರಿಸುವುದು ಮೊದಲನೆಯ ಮಾತು. ‘ಇದು ನಿಜವಾದ ಅಪಾಯ’ ಎಂದು ಡೆಂಡ್ರಿಟಿಕ್ ಕೋಶವು ತನ್ನ ಮೈಮೇಲಿನ ಬೇರೆ ಪ್ರೋಟೀನುಗಳಿಂದ ಖಾತ್ರಿಪಡಿಸುವುದು ಎರಡನೆಯ ಮಾತು.

ಇವೆರಡೇ ಸಾಕೆಂದು ಬಹುಕಾಲ ತಿಳಿಯಲಾಗಿತ್ತು. ೧೯೯೯ರಲ್ಲಿ ಅಮೆರಿಕದ ಮಿನಿಸೋಟ ವಿಶ್ವವಿದ್ಯಾಲಯದ ಸಂಶೋಧಕರು ಮೂರನೆಯ ಮಾತೂ ಬೇಕೆಂದು ತೋರಿಸಿದರು. ಇಂಟರ್‌ಲ್ಯೂಕಿನ್-೧೨ ಎಂಬ ಸಂಕೇತ ಅಣು ಅಲ್ಲಿ ಮೂರನೆಯ ಮಾತಾಡಿತು. ಇಂಟರ್‌ಫೆರಾನೂ ಅದೇ ಕೆಲಸ ಮಾಡಬಲ್ಲದೆಂಬುದು ಆ ಮೇಲೆ ತಿಳಿಯಿತು. ಮೂರನೆಯ ಮಾತು ಕೇಳದ ಟಿ ಕೋಶಗಳು ಕೆಲವು ಸಲ ಇಮ್ಮಡಿಸಿದರೂ ಕೊಲ್ಲುವ ಸಾಮರ್ಥ್ಯವನ್ನು ಸರಿಯಾಗಿ ಪಡೆಯುವುದಿಲ್ಲ, ಬಹುಕಾಲ ಬಾಳುವುದೂ ಇಲ್ಲ. ಆಳುಗಳು ಹೊಲಕ್ಕೆ ಬಂದರೂ ಕೈಯಲ್ಲಿ ಕುಡುಗೋಲು ಇಲ್ಲದಂತೆ ಅವುಗಳ ಪಾಡು.

೨೦೦೫ರಲ್ಲಿ ಕಾಜಾ ಮುರಳಿಕೃಷ್ಣ ಎಂಬ ಭಾರತೀಯ ಮೂಲದ ವಿಜ್ಞಾನಿಯೂ ಅವರ ಸಂಗಡಿಗರೂ ಇದನ್ನು ಜೀವಂತ ಇಲಿಗಳಲ್ಲಿ ಪರೀಕ್ಷಿಸಿದರು. ಇಂಟರ್‌ಫೆರಾನಿನ ಸುದ್ದಿಯನ್ನು ಕೇಳುವ ‘ಕಿವಿ’ಯೇ ಇಲ್ಲದ ಟಿ ಕೋಶಗಳನ್ನು, ಕಿವಿಯುಳ್ಳ ಕೋಶಗಳೊಡನೆ ಒಂದೇ ಇಲಿಯ ಮೈಯಲ್ಲಿಟ್ಟು ವೈರಾಣುವಿನ ಸೋಂಕು ತಗುಲಿಸಿದರು. ಕಿವಿಯುಳ್ಳವು ಅಪಾರ ಸಂಖ್ಯೆಯಲ್ಲಿ ಹೆಚ್ಚಿದವು, ಕಿವಿಯಿಲ್ಲದವು ಹೆಚ್ಚಲಾರದೆ ಸೊರಗಿದವು. ಡಂಗುರವು ಟಿ ಕೋಶಕ್ಕೆ ನೇರವಾಗಿಯೇ ಕೇಳಿಸಬೇಕೆಂಬುದು ಇದರಿಂದ ಸ್ಪಷ್ಟವಾಯಿತು. ಇದೇ ಮುರಳಿಕೃಷ್ಣರು, ಹೈದರಾಬಾದಿನಲ್ಲಿ ಹುಟ್ಟಿದ ರಫಿ ಅಹ್ಮದ್ ಅವರ ಪ್ರಯೋಗಾಲಯದಲ್ಲಿ ೧೯೯೮ರಲ್ಲಿ ನಡೆಸಿದ ಎಣಿಕೆಯೂ ಹೆಸರಾದುದು. ಸೋಂಕು ಉತ್ತುಂಗದಲ್ಲಿರುವಾಗ ಸಕ್ರಿಯವಾದ ಹಂತಕ ಕೋಶಗಳಲ್ಲಿ ಶೇಕಡಾ ೫೦ರಿಂದ ೭೦ರಷ್ಟು ಆ ಒಂದೇ ವೈರಾಣುವನ್ನು ಗುರಿಯಾಗಿಸಿಕೊಂಡಿದ್ದವು.

ಡಂಗುರದವರು ಇನ್ನೂ ಹಲವರಿದ್ದಾರೆ. ಸಹಾಯಕ ಟಿ ಕೋಶಗಳು ಮತ್ತು ಸ್ವತಃ ಹಂತಕ ಕೋಶಗಳು ಹೊರಬಿಡುವ ಇಂಟರ್‌ಲ್ಯೂಕಿನ್-೨, ಟಿ ಕೋಶಗಳನ್ನು ಇಮ್ಮಡಿಸುವಂತೆ ಪ್ರೇರೇಪಿಸುತ್ತದೆ. ಇದು ೧೯೭೬ರಲ್ಲಿ ಟಿ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ವಸ್ತುವಾಗಿ ಬೆಳಕಿಗೆ ಬಂದಿತು. ಇಂಟರ್‌ಲ್ಯೂಕಿನ್-೩೩ರ ರೀತಿಯೇ ಬೇರೆ. ಅದು ಸಾಮಾನ್ಯವಾಗಿ ಕೋಶದ ಒಳಗೇ ಅಡಗಿರುತ್ತದೆ. ವೈರಾಣುವಿನ ಹಾವಳಿಯಿಂದ ಕೋಶ ಒಡೆದು ಸತ್ತಾಗ ಹೊರಗೆ ಚೆಲ್ಲುತ್ತದೆ. ಬಣವೆಗೆ ಬೆಂಕಿ ಬಿದ್ದಾಗ ಯಾರೂ ಕೂಗದಿದ್ದರೂ ಹೊಗೆಯೇ ಊರಿಗೆ ಸುದ್ದಿ ಮುಟ್ಟಿಸುವಂತೆ, ಈ ಅಣುವು ಹಂತಕ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ಅದಿಲ್ಲದ ಇಲಿಗಳಲ್ಲಿ ಹಂತಕ ಕೋಶಗಳ ಪಡೆ ದುರ್ಬಲವಾಗಿ, ವೈರಾಣುವನ್ನು ಅಂಕೆಯಲ್ಲಿಡಲು ಆಗಲಿಲ್ಲವೆಂದು ಯುರೋಪಿನ ಸಂಶೋಧಕರು ೨೦೧೨ರಲ್ಲಿ ಪ್ರಕಟಿಸಿದರು.

ಇಷ್ಟೆಲ್ಲ ಕರೆಗಳು ಸಕಾಲಕ್ಕೆ ಮುಟ್ಟಿದರೆ ಒಂದು ಕೋಶವು ಒಂದು ವಾರದೊಳಗೆ ಹತ್ತು ಸಾವಿರಕ್ಕೂ ಮಿಗಿಲಾಗಬಲ್ಲದು. ವೈರಾಣು ಅಳಿದ ಮೇಲೆ ಆ ಪಡೆಯ ಶೇಕಡಾ ೯೦ಕ್ಕಿಂತ ಹೆಚ್ಚು ಭಾಗ ಸಾಯುತ್ತದೆ. ಉಳಿದ ಅಲ್ಪಭಾಗವು ನೆನಪಿನ ಕೋಶಗಳಾಗಿ ನಿಲ್ಲುತ್ತದೆ. ರಾಶಿಯಾದ ಮೇಲೆ ರೈತನು ಉಣ್ಣುವ ಕಾಳನ್ನು ಬೇರೆಯಿಟ್ಟು ಬಿತ್ತುವ ಬೀಜವನ್ನು ಜತನದಿಂದ ತೆಗೆದಿರಿಸುತ್ತಾನಲ್ಲವೇ? ಹಾಗೆಯೇ ಇದು. ಆ ಬೀಜವನ್ನು ಕೆಡದಂತೆ ಕಾಪಾಡುವುದು ಇಂಟರ್‌ಲ್ಯೂಕಿನ್-೭ ಮತ್ತು ಇಂಟರ್‌ಲ್ಯೂಕಿನ್-೧೫ ಎಂಬ ಮತ್ತೆರಡು ಸಂಕೇತ ಅಣುಗಳು.

ಬೆಳಗಾವಿಯಲ್ಲಿ ನಡೆದ ಒಂದು ಪರೀಕ್ಷೆ

ಸತ್ತ ವೈರಾಣುವಿನಿಂದ ತಯಾರಿಸಿದ ಲಸಿಕೆಗೆ ಒಂದು ಸಹಜವಾದ ಕೊರತೆಯಿದೆ. ಅದು ಕೋಶದ ಒಳಹೊಕ್ಕು ಬೆಳೆಯುವುದಿಲ್ಲವಾದ್ದರಿಂದ ಆ ‘ತಟ್ಟೆ’ಯ ಮೇಲೆ ಚೂರುಗಳು ಕಾಣಿಸಿಕೊಳ್ಳುವುದು ಕಡಿಮೆ, ಡಂಗುರವೂ ಮೆಲ್ಲಗೆ. ಪ್ರತಿಕಾಯಗಳು ಹುಟ್ಟಿದರೂ ಹಂತಕ ಕೋಶಗಳು ಅಷ್ಟಾಗಿ ಏಳುವುದಿಲ್ಲ. ಈ ಕೊರತೆಯನ್ನು ತುಂಬಲೆಂದೇ ಲಸಿಕೆಯೊಡನೆ ಪ್ರಚೋದಕ ದ್ರವ್ಯವನ್ನು ಬೆರೆಸುವ ಪದ್ಧತಿಯಿದೆ. ಬಹುಕಾಲದಿಂದ ಬಳಕೆಯಲ್ಲಿರುವ ಅಲ್ಯೂಮಿನಿಯಂ ಲವಣವು ಪ್ರತಿಕಾಯಗಳನ್ನು ಚೆನ್ನಾಗಿ ಹೆಚ್ಚಿಸುತ್ತದೆ, ಆದರೆ ಟಿ ಕೋಶಗಳ ಮೇಲೆ ಅದರ ಪ್ರಭಾವ ಅಷ್ಟಕ್ಕಷ್ಟೆ.

ಭಾರತದಲ್ಲಿಯೇ ರೂಪುಗೊಂಡ ಕೋವ್ಯಾಕ್ಸಿನ್ ಲಸಿಕೆಯಲ್ಲಿ ಈ ಪ್ರಶ್ನೆಗೆ ಹೊಸದೊಂದು ಉತ್ತರವನ್ನು ಪ್ರಯತ್ನಿಸಲಾಯಿತು. ಸತ್ತ ಕೊರೋನಾ ವೈರಾಣುವಿನೊಡನೆ, ಅಲ್ಯೂಮಿನಿಯಂ ಲವಣಕ್ಕೆ ಅಂಟಿಸಿದ ಇಮಿಡಜೋಕ್ವಿನೊಲಿನ್ ಜಾತಿಯ ಅಣುವೊಂದನ್ನು ಸೇರಿಸಿದರು. ಇದನ್ನು ಅಮೆರಿಕದ ಕ್ಯಾನ್ಸಸ್‌ನಲ್ಲಿ ಸುನಿಲ್ ಡೇವಿಡ್ ಎಂಬ ಭಾರತೀಯ ಮೂಲದ ವಿಜ್ಞಾನಿಯ ಸಂಸ್ಥೆಯು ಅಲ್ಲಿನ ಸರಕಾರದ ನೆರವಿನಿಂದ ಕಂಡುಹಿಡಿದಿತ್ತು. ನಮ್ಮ ಕೋಶಗಳಲ್ಲಿ ವೈರಾಣುವಿನ ಆರ್‌ಎನ್‌ಎಯನ್ನು ಗುರುತಿಸುವ ಎರಡು ಗ್ರಾಹಕಗಳಿವೆ. ಈ ಅಣುವು ಅವುಗಳನ್ನು ಮುಟ್ಟಿ, ಜೀವಂತ ವೈರಾಣುವೇ ಬಂದಿದೆಯೇನೋ ಎಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಆಗ ಸೈಟೊಕೈನ್‌ಗಳ ಡಂಗುರ ಏಳುತ್ತದೆ.

ಈ ಲಸಿಕೆಯನ್ನು ಮನುಷ್ಯರಿಗೆ ಮೊದಲ ಬಾರಿಗೆ ಕೊಟ್ಟು ಪರೀಕ್ಷಿಸಿದ್ದು ೨೦೨೦ರ ಜುಲೈ ತಿಂಗಳಲ್ಲಿ, ದೇಶದ ಹನ್ನೆರಡು ಆಸ್ಪತ್ರೆಗಳಿಗೆ ಆ ಹೊಣೆಯನ್ನು ವಹಿಸಲಾಗಿತ್ತು. ಅವುಗಳಲ್ಲಿ ಬೆಳಗಾವಿಯ ಜೀವನರೇಖಾ ಆಸ್ಪತ್ರೆಯೂ ಒಂದು. ಒಟ್ಟು ೩೭೫ ಜನ ಆರೋಗ್ಯವಂತರು ಸ್ವಯಂಪ್ರೇರಣೆಯಿಂದ ಮುಂದೆ ಬಂದರು. ಊರೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದ ದಿನಗಳಲ್ಲಿ, ಯಾರೂ ಹಾಕಿಸಿಕೊಳ್ಳದ ಲಸಿಕೆಗೆ ತೋಳು ಒಡ್ಡಿದ ಆ ಅಜ್ಞಾತ ನಾಗರಿಕರನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ೨೦೨೧ರ ಜನವರಿಯಲ್ಲಿ ‘ಲ್ಯಾನ್ಸೆಟ್’ ಬಳಗದ ವೈದ್ಯಪತ್ರಿಕೆಯಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹೊಸ ಪ್ರಚೋದಕವಿದ್ದ ಗುಂಪುಗಳಿಂದ ಆಯ್ದ ೧೬ ಜನರಲ್ಲಿ ಸಹಾಯಕ ಟಿ ಕೋಶಗಳೂ ಹಂತಕ ಟಿ ಕೋಶಗಳೂ ಎಚ್ಚೆತ್ತಿರುವುದು ಕಂಡುಬಂದಿತು. ಹದಿನಾರು ಜನರೆಂಬುದು ಸಣ್ಣ ಸಂಖ್ಯೆ. ಲಸಿಕೆಯಿಂದ ರೋಗ ತಪ್ಪುವುದೇ ಎಂಬ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಆ ಉತ್ತರಕ್ಕೆ ೨೫ ಸಾವಿರಕ್ಕೂ ಹೆಚ್ಚು ಜನರ ಮೂರನೆಯ ಹಂತದ ಪರೀಕ್ಷೆ ಬೇಕಾಯಿತು. ಆ ಫಲಿತಾಂಶ ಬರುವುದಕ್ಕೆ ಮುನ್ನವೇ, ೨೦೨೧ರ ಜನವರಿ ಮೊದಲ ವಾರದಲ್ಲಿ, ತುರ್ತು ಬಳಕೆಗೆ ಅನುಮತಿ ಕೊಟ್ಟುದನ್ನು ಅನೇಕ ವಿಜ್ಞಾನಿಗಳು ಟೀಕಿಸಿದರು. ಆ ಟೀಕೆ ನ್ಯಾಯವಾದದ್ದೇ ಆಗಿತ್ತು. ಅದೇ ತಿಂಗಳಲ್ಲಿ ಕೋವಿಡ್ ಲಸಿಕೆ ರಾಜ್ಯಕ್ಕೆ ಬಂದಾಗ, ಬೆಂಗಳೂರಿನೊಡನೆ ಬೆಳಗಾವಿಯೂ ಲಸಿಕೆಯ ಪ್ರಾದೇಶಿಕ ದಾಸ್ತಾನು ಕೇಂದ್ರವಾಗಿ ಕೆಲಸ ಮಾಡಿತು.

ಖಾನಾಪುರದ ಕಾಡು, ಗೋವೆಯ ಗೇರು ತೋಟ

ಬೆಳಗಾವಿಯಿಂದ ದಕ್ಷಿಣಕ್ಕೆ ಖಾನಾಪುರದತ್ತ ಸಾಗಿದರೆ ನೆಲದ ಬಣ್ಣವೂ ಗಾಳಿಯ ತಂಪೂ ಬದಲಾಗುತ್ತವೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿಯ ಅಡವಿ, ಲೋಂಡೆಯ ಘಟ್ಟ, ಭೀಮಗಡದ ವನ್ಯಧಾಮ, ಇವೆಲ್ಲ ಈ ತಾಲೂಕಿನಲ್ಲಿವೆ. ಘಟ್ಟ ಇಳಿದರೆ ಗೋವೆಯ ಸತ್ತರಿ ತಾಲೂಕು. ಆ ಸತ್ತರಿಯ ಪಾಳಿ ಎಂಬ ಹಳ್ಳಿಯಲ್ಲಿ ೨೦೧೫ರಲ್ಲಿ ಮಂಗನಕಾಯಿಲೆ ಕಾಣಿಸಿಕೊಂಡಿತು. ಮರುವರ್ಷ ಮಹಾರಾಷ್ಟ್ರದ ಸಿಂಧುದುರ್ಗದ ದೋಡಾಮಾರ್ಗದಲ್ಲಿಯೂ ಹಬ್ಬಿತು. ಸೊರಬದ ಒಂದು ಕಾಡಿಗೆ ಸೀಮಿತವೆನಿಸಿದ್ದ ರೋಗವು ಸಹ್ಯಾದ್ರಿಯ ಬೆನ್ನು ಹಿಡಿದು ಉತ್ತರಕ್ಕೆ ನಡೆದುಬಂದಿತ್ತು. ೨೦೧೬ರಲ್ಲಿ ಗೋವೆಯ ಗೇರು ತೋಟಗಳಿಗೆ ದುಡಿಯಲು ಹೋಗಿ ಮರಳಿದ ಬೆಳಗಾವಿ ಜಿಲ್ಲೆಯ ಕೂಲಿಕಾರರಲ್ಲಿ ಈ ರೋಗ ಪತ್ತೆಯಾಯಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ತಜ್ಞರು ಅದನ್ನು ೨೦೧೭ರಲ್ಲಿ ವರದಿ ಮಾಡಿದರು. ಹೊಟ್ಟೆಪಾಡಿಗಾಗಿ ಗಡಿ ದಾಟಿದವರು ಜ್ವರವನ್ನು ಹೊತ್ತು ಬರುವಂತಾದುದು ಕಳವಳದ ಸಂಗತಿ.

ಈ ರೋಗವು ಉಣ್ಣಿಗಳ ಕಡಿತದಿಂದ ಹರಡುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಡಿಸೆಂಬರದಿಂದ ಮೇ ತಿಂಗಳವರೆಗೆ, ಕಾಡಿನ ಕೆಲಸವೂ ಗೇರು ಕೊಯ್ಲೂ ನಡೆಯುವ ಕಾಲದಲ್ಲಿಯೇ, ಅದರ ಹಾವಳಿ ಹೆಚ್ಚು. ರೋಗ ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೆ ನಿರ್ದಿಷ್ಟವಾದ ಔಷಧಿಯಿಲ್ಲ. ಆದ್ದರಿಂದ ರೋಗಿಯ ಬದುಕು ಬಹುಮಟ್ಟಿಗೆ ಅವನ ದೇಹದ ಕಾವಲಿನ ಮೇಲೆಯೇ ನಿಂತಿದೆ. ಮಣಿಪಾಲದ ವೈರಾಣು ಸಂಶೋಧಕರು ಅಮೆರಿಕದ ವಿಜ್ಞಾನಿಯೊಬ್ಬರೊಡನೆ ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಂಗನಕಾಯಿಲೆಯ ರೋಗಿಗಳ ರಕ್ತದಲ್ಲಿ ಮೊದಲ ವಾರಗಳಲ್ಲಿಯೇ ಪ್ರತಿಕಾಯ ತಯಾರಿಸುವ ಕೋಶಗಳೊಂದಿಗೆ ಹಂತಕ ಟಿ ಕೋಶಗಳೂ ಎಚ್ಚೆತ್ತುಕೊಳ್ಳುವುದು ಕಂಡುಬಂದಿತು. ಕಾಡಿನ ಕೂಲಿಕಾರನ ರಕ್ತದಲ್ಲಿಯೂ ಕ್ಯಾನ್‌ಬೆರಾದ ಇಲಿಯಲ್ಲಿ ಕಂಡ ನಿಯಮವೇ ನಡೆದಿದೆ.

ಹಾಗಾದರೆ ಲಸಿಕೆ? ಫಾರ್ಮಲಿನ್‌ನಿಂದ ಕೊಂದ ವೈರಾಣುವಿನ ಲಸಿಕೆಯನ್ನು ೧೯೯೦ರ ದಶಕದಿಂದ ಕರ್ನಾಟಕದಲ್ಲಿ ಕೊಡಲಾಗುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಆ ಮೇಲೆ ವರ್ಷಕ್ಕೊಂದು. ೨೦೧೩ರಲ್ಲಿ ಪ್ರಕಟವಾದ ಲೆಕ್ಕದಂತೆ ಎರಡು ಸೂಜಿ ಹಾಕಿಸಿಕೊಂಡವರಿಗೆ ಶೇಕಡಾ ೬೨ರಷ್ಟು, ಮುಂದಿನ ಸೂಜಿಯನ್ನೂ ಹಾಕಿಸಿಕೊಂಡವರಿಗೆ ಶೇಕಡಾ ೮೩ರಷ್ಟು ರಕ್ಷಣೆ ದೊರೆತಿತ್ತು. ಒಂದೇ ಸೂಜಿಯಿಂದ ಪ್ರಯೋಜನವಿರಲಿಲ್ಲ. ಬಡವನು ದಿನಗೂಲಿ ಬಿಟ್ಟು ವರ್ಷವರ್ಷವೂ ಸೂಜಿಗೆ ಬರಬೇಕೆಂದರೆ ಸಾಧ್ಯವೇ? ಕ್ರಮೇಣ ಲಸಿಕೆಯ ಪರಿಣಾಮವೇ ಸಾಲದೆಂಬುದು ಕಂಡುಬಂದು, ೨೦೨೨ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಂಡಿತು. ಹೊಸ ಲಸಿಕೆಯಿಂದ ನಾವು ನಿರೀಕ್ಷಿಸಬೇಕಾದುದು ಇಷ್ಟೆ: ಸೂಜಿಗಳ ಸಂಖ್ಯೆ ಕಡಿಮೆಯಾಗಬೇಕು, ನೆನಪು ದೀರ್ಘವಾಗಬೇಕು. ಸಂಕೇತ ಅಣುಗಳ ವಿಜ್ಞಾನವು ಪ್ರಯೋಗಾಲಯದಿಂದ ಖಾನಾಪುರದ ಗುಡಿಸಲಿಗೆ ಬಂದು ಮುಟ್ಟಬೇಕಾದುದು ಇಲ್ಲಿಯೇ.

ಅತಿಯಾದರೆ ಅಮೃತವೂ ವಿಷ

ಡಂಗುರ ಒಳ್ಳೆಯದೆಂದು ಹಗಲಿರುಳೂ ಬಾರಿಸುತ್ತಿದ್ದರೆ ಊರು ಉಳಿದೀತೇ? ಖಾನಾಪುರ ತಾಲೂಕಿನ ಭೀಮಗಡದ ಅಡವಿಯಲ್ಲಿ ಬಾರಾಪೇಡೆ ಎಂಬ ಗುಹೆಯಿದೆ. ೧೯೧೩ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ, ರೌಟನ್ ಎಂಬುವರ ಹೆಸರನ್ನು ಹೊತ್ತ ಅಪರೂಪದ ಬಾವಲಿಯು ಬಹುಕಾಲ ಈ ಒಂದೇ ನೆಲೆಯಿಂದ ಜಗತ್ತಿಗೆ ತಿಳಿದಿತ್ತು. ಬಾವಲಿಗಳ ಕುಲವು ಅನೇಕ ವೈರಾಣುಗಳನ್ನು ಹೊತ್ತೂ ಕಾಯಿಲೆ ಬೀಳದೆ ಬದುಕುವುದು ವಿಜ್ಞಾನಿಗಳಿಗೆ ಒಗಟಾಗಿತ್ತು. ೨೦೧೬ರಲ್ಲಿ ಆಸ್ಟ್ರೇಲಿಯಾದ ಒಂದು ಜಾತಿಯ ಹಣ್ಣುತಿನ್ನುವ ಬಾವಲಿಯನ್ನು ಅಭ್ಯಸಿಸಿದವರು, ಅದರ ಕೋಶಗಳಲ್ಲಿ ಸೋಂಕು ಇಲ್ಲದಾಗಲೂ ಇಂಟರ್‌ಫೆರಾನ್ ತಯಾರಾಗುತ್ತಿರುವುದನ್ನು ಕಂಡರು. ಮನುಷ್ಯರಿಗೆ ಅದು ಹೊಂದದು. ನಮ್ಮಲ್ಲಿ ಇಂಟರ್‌ಫೆರಾನ್ ಎಡೆಬಿಡದೆ ಹರಿದರೆ ಜ್ವರ, ಮೈಕೈನೋವು, ಆಯಾಸ ಇವೇ ಫಲ.

ಹೊತ್ತೂ ಮುಖ್ಯ. ಟಿ ಕೋಶವು ಶತ್ರುವನ್ನು ಕಾಣುವ ಮುನ್ನವೇ ಇಂಟರ್‌ಫೆರಾನ್ ಬಂದರೆ ಅದು ಕೋಶದ ಬೆಳವಣಿಗೆಯನ್ನು ತಡೆಯಲೂಬಹುದು. ಸೋಂಕು ತಿಂಗಳುಗಟ್ಟಲೆ ಉಳಿದಾಗ ಇಲಿಗಳಲ್ಲಿ ಇಂಟರ್‌ಫೆರಾನಿನ ಸುದ್ದಿಯನ್ನು ತಡೆದರೆ ವೈರಾಣುವನ್ನು ಹೊರಹಾಕಲು ಅನುಕೂಲವಾಗುವುದೆಂದು ೨೦೧೩ರಲ್ಲಿ ಎರಡು ತಂಡಗಳು ತೋರಿಸಿದವು. ಕೋವಿಡ್ ಕಾಲದಲ್ಲಿ ಈ ಎರಡೂ ಮುಖಗಳನ್ನು ಜಗತ್ತು ಕಂಡಿತು. ತೀವ್ರ ಅಸ್ವಸ್ಥರಾದ ೯೮೭ ರೋಗಿಗಳ ಪೈಕಿ ೧೦೧ ಜನರ ರಕ್ತದಲ್ಲಿ ಸ್ವಂತ ಇಂಟರ್‌ಫೆರಾನನ್ನೇ ಕಟ್ಟಿಹಾಕುವ ಪ್ರತಿಕಾಯಗಳಿದ್ದವೆಂದು ೨೦೨೦ರಲ್ಲಿ ತಿಳಿದುಬಂದಿತು. ಆ ೧೦೧ ಜನರಲ್ಲಿ ೯೫ ಮಂದಿ ಪುರುಷರು. ಅವರ ದೇಹದಲ್ಲಿ ಡಂಗುರದವನ ಬಾಯಿಯನ್ನೇ ಕಟ್ಟಿದಂತಾಗಿತ್ತು. ಇನ್ನು ಕೆಲವರಲ್ಲಿ ಎರಡನೆಯ ವಾರದಲ್ಲಿ ಸಂಕೇತ ಅಣುಗಳು ಕಟ್ಟೆಯೊಡೆದು ಹರಿದು, ಶ್ವಾಸಕೋಶವೇ ಹಾನಿಗೀಡಾಯಿತು. ಇಂಥವರಿಗೆ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೆರಾಯ್ಡ್ ಪ್ರಾಣ ಉಳಿಸಿತು. ಕೃತಕ ಉಸಿರಾಟದಲ್ಲಿದ್ದವರ ಸಾವನ್ನು ಅದು ಮೂರನೆಯ ಒಂದರಷ್ಟು ಕಡಿಮೆ ಮಾಡಿತೆಂದು ಬ್ರಿಟನ್ನಿನ ಪರೀಕ್ಷೆಯು ೨೦೨೦ರಲ್ಲಿ ತೋರಿಸಿತು. ಆಮ್ಲಜನಕ ಬೇಡವಾಗಿದ್ದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಅದೇ ಔಷಧವನ್ನು ಹೊತ್ತುಗೊತ್ತಿಲ್ಲದೆ ನುಂಗಿದುದೂ, ಸಕ್ಕರೆ ಕಾಯಿಲೆ ಅಂಕೆಯಲ್ಲಿಲ್ಲದುದೂ, ೨೦೨೧ರಲ್ಲಿ ಕಪ್ಪು ಶಿಲೀಂಧ್ರದ ರೋಗ ಹಬ್ಬಲು ಕಾರಣವಾದವು.

ಗೃಹಸ್ಥರು ತಿಳಿದಿರಬೇಕಾದುದು

ಅಂಗಡಿಗಳಲ್ಲಿ ‘ರೋಗನಿರೋಧಕ ಶಕ್ತಿ ಹೆಚ್ಚ್ಚಿಸುವ’ ಚೂರ್ಣ, ಪಾನಕ, ಗುಳಿಗೆಗಳ ಜಾಹೀರಾತು ಇಂದು ಎಲ್ಲೆಲ್ಲಿಯೂ ಕಾಣುತ್ತದೆ. ಮೇಲಿನ ಸಂಗತಿಗಳನ್ನು ಓದಿದವರಿಗೆ ಆ ಮಾತಿನ ಪೊಳ್ಳುತನ ತಾನಾಗಿ ತಿಳಿದೀತು. ನಿರೋಧಕ ಶಕ್ತಿಯು ಕೊಡದಲ್ಲಿ ತುಂಬಿಡುವ ನೀರಲ್ಲ. ಅದು ಹೊತ್ತು, ಸ್ಥಳ, ಪ್ರಮಾಣಗಳನ್ನು ಅರಿತು ನಡೆಯುವ ಸಂವಾದ. ಹಿತಮಿತವಾದ ಊಟ, ಸಾಕಷ್ಟು ನಿದ್ರೆ, ತಂಬಾಕು ಮದ್ಯಗಳ ವರ್ಜನೆ, ಸಕ್ಕರೆ ಕಾಯಿಲೆಯ ಹತೋಟಿ, ಇವು ಆ ಸಂವಾದ ಕೆಡದಂತೆ ನೋಡಿಕೊಳ್ಳುತ್ತವೆ. ಒಂದು ನಿರ್ದಿಷ್ಟ ವೈರಾಣುವಿನ ಹೆಸರು ಹಿಡಿದು ಹಂತಕ ಕೋಶಗಳನ್ನು ಮುಂಚಿತವಾಗಿ ಸಜ್ಜುಗೊಳಿಸುವ ಸಾಮರ್ಥ್ಯ ಮಾತ್ರ ಲಸಿಕೆಯದೇ. ಮಗುವಿಗೆ ದಡಾರದ ಲಸಿಕೆ ಹಾಕಿಸಿದ ಮೇಲೆ ಒಂದೆರಡು ದಿನ ಮೈ ಬೆಚ್ಚಗಾದರೆ ತಾಯಂದಿರು ಅಂಜಬೇಕಾಗಿಲ್ಲ. ಬಹುಮಟ್ಟಿಗೆ ಅದು ಒಳಗೆ ಡಂಗುರ ಸಾರುತ್ತಿರುವುದರ ಗುರುತು. ಜ್ವರ ಹೆಚ್ಚಾದರೆ ಅಥವಾ ಮಗು ಮಂಕಾದರೆ ವೈದ್ಯರಿಗೆ ತೋರಿಸಬೇಕು.

ಖಾನಾಪುರದ ಕಡೆಯ ನಮ್ಮ ಬಂಧುಗಳಿಗೆ ಒಂದು ವಿಶೇಷ ವಿನಂತಿ. ಕಾಡಿಗೆ, ಗೇರು ತೋಟಕ್ಕೆ ಹೋಗುವಾಗ ಮೈತುಂಬ ಬಟ್ಟೆ ತೊಡಿರಿ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲುಗಳಿಗೆ ಸವರಿಕೊಳ್ಳಿರಿ. ಮರಳಿದ ಕೂಡಲೇ ಬಿಸಿನೀರಿನಿಂದ ಮಿಂದು, ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಯಿಸಿ, ಮೈಗೆ ಉಣ್ಣಿ ಹತ್ತಿದೆಯೇ ಎಂದು ಮಕ್ಕಳನ್ನೂ ದೊಡ್ಡವರನ್ನೂ ಪರೀಕ್ಷಿಸಿರಿ. ಮಂಗ ಸತ್ತುಬಿದ್ದುದು ಕಂಡರೆ ಮುಟ್ಟದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿರಿ. ಹಠಾತ್ತನೆ ಚಳಿಜ್ವರ, ತಲೆನೋವು, ಸೊಂಟ ಮತ್ತು ಕಾಲುಗಳ ತೀವ್ರ ನೋವು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ‘ಕಾಡಿಗೆ ಹೋಗಿದ್ದೆ’ ಅಥವಾ ‘ಗೋವೆಗೆ ಕೂಲಿಗೆ ಹೋಗಿದ್ದೆ’ ಎಂಬ ಮಾತನ್ನು ಮೊದಲು ಹೇಳಿರಿ. ಆ ಒಂದು ಮಾತಿನಿಂದ ರಕ್ತಪರೀಕ್ಷೆ ಸರಿಯಾದ ದಾರಿ ಹಿಡಿಯುತ್ತದೆ. ದೇಹವು ತನ್ನೊಳಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ತಪ್ಪದೆ ಮಾಡುತ್ತದೆ. ವೈದ್ಯರಿಗೆ ಸಕಾಲದಲ್ಲಿ ಸುದ್ದಿ ಮುಟ್ಟಿಸುವುದು ಮನೆಯವರ ಹೊಣೆ.